ಸೊಂಟ ಹಿಡಿದರೆ ಯಾರ ಹತ್ತಿರ ಹೋಗಬೇಕು: ಆಸ್ಟಿಯೋಪಥಿಯಾ, ಫಿಸಿಯೋಥೆರಪಿಯಾ?

ಕಾಫಿ ಕೊಯ್ಲು ಶುರುವಾಯ್ತು ಅಂದರೆ ಕೊಡಗಿನಲ್ಲಿ ಸೊಂಟ ನೋವಿನ ಸೀಸನ್ನೂ ಶುರು. ಮೊದಲು ಅರೇಬಿಕಾ, ಆಮೇಲೆ ರೋಬಸ್ಟಾ, ಅದು ಮುಗಿಯುವಷ್ಟರಲ್ಲಿ ಕರಿಮೆಣಸು. ಬಗ್ಗಿ ಬಗ್ಗಿ ಉದುರಿದ ಹಣ್ಣು ಹೆಕ್ಕಬೇಕು, ತುಂಬಿದ ಚೀಲ ಹೊತ್ತು ಇಳಿಜಾರಿನಲ್ಲಿ ನಡೆಯಬೇಕು, ಏಣಿ ಮೇಲೆ ನಿಂತು ಗಂಟೆಗಟ್ಟಲೆ ಕೈ ಮೇಲೆತ್ತಿಕೊಂಡೇ ಇರಬೇಕು. ಇದೆಲ್ಲ ಆಗಿ ಸ್ವಲ್ಪ ಉಸಿರಾಡೋಣ ಅನ್ನುವಾಗ ಕೊಡವ ಕುಟುಂಬಗಳ ನಡುವಿನ ಹಾಕಿ ಹಬ್ಬ. ಮೈ ಎಲ್ಲೋ ಒಂದು ಕಡೆ ಹಿಡಿದುಕೊಳ್ಳದೆ ಇರುತ್ತದಾ?

ಹಿಡಿದಾಗ ಹಿಂದೆಲ್ಲ ಎಣ್ಣೆ ತಿಕ್ಕಿಸುತ್ತಿದ್ದರು, ಉಳುಕು ತೆಗೆಯುವವರ ಹತ್ತಿರ ಹೋಗುತ್ತಿದ್ದರು, ತಡೆಯಲಾಗದಿದ್ದರೆ ಆಸ್ಪತ್ರೆಯಲ್ಲಿ ಒಂದು ಇಂಜೆಕ್ಷನ್. ಈಗ ಫೋನ್ ತೆರೆದರೆ ಸಾಕು, ಯಾರದ್ದೋ ಕುತ್ತಿಗೆ ತಿರುಗಿಸಿ 'ಟಕ್' ಅನ್ನಿಸುವ ವಿಡಿಯೋ ಬರುತ್ತದೆ. ಆ ಮನುಷ್ಯ ತಕ್ಷಣ ಎದ್ದು ನಗುತ್ತಾನೆ. ಅದನ್ನು ನೋಡಿದವರೆಲ್ಲ ಕೇಳುವುದು ಒಂದೇ. ಆಸ್ಟಿಯೋಪಥಿ ಮಾಡಿಸಿದರೆ ಬೇಗ ಸರಿ ಹೋಗುತ್ತಂತೆ ಅಲ್ವಾ, ಈ ಫಿಸಿಯೋಥೆರಪಿ ಅಂತ ತಿಂಗಳುಗಟ್ಟಲೆ ಯಾಕೆ ಓಡಾಡಬೇಕು?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ತೋಟದಲ್ಲಿ ದುಡಿಯುವ ಮೈಗೆ ಮೊದಲ ಆಯ್ಕೆ ಫಿಸಿಯೋಥೆರಪಿ. ಸಾಮಾನ್ಯ ಸೊಂಟ ನೋವು, ಕುತ್ತಿಗೆ ನೋವಿಗೆ ಸರಿಯಾಗಿ ಕಲಿತ ಆಸ್ಟಿಯೋಪಾತ್ (ಮೂಳೆ, ಕೀಲು, ಸ್ನಾಯುಗಳನ್ನು ಕೈಯಿಂದ ಒತ್ತಿ ಆಡಿಸಿ ಚಿಕಿತ್ಸೆ ಮಾಡುವವರು) ಹತ್ತಿರದಲ್ಲೇ ಸಿಕ್ಕರೆ ಹೋಗಬಹುದು, ತಪ್ಪೇನಿಲ್ಲ. ಆದರೆ ಎಲ್ಲಿಗೇ ಹೋದರೂ, ಅವರು ನಿಮ್ಮ ಮೈ ಮೇಲಿಂದ ಕೈ ತೆಗೆದ ಮೇಲೆ ಮನೆಯಲ್ಲಿ ನೀವೇ ಏನು ಮಾಡಬೇಕು ಅಂತ ಕಲಿಸಿ ಕಳಿಸಬೇಕು. ಕಲಿಸದಿದ್ದರೆ ಮುಂದಿನ ಕೊಯ್ಲಿಗೆ ಮತ್ತೆ ಅದೇ ನೋವು, ಮತ್ತೆ ಅದೇ ಖರ್ಚು.

ಎರಡೂ ಬಂದದ್ದು ಎಲ್ಲಿಂದ

ಆಸ್ಟಿಯೋಪಥಿ ಮತ್ತು ಆರ್ಥೋಪೆಡಿಕ್ಸ್ ಒಂದೇ ಅಂದುಕೊಂಡವರು ಬಹಳ ಜನ. ಅಲ್ಲ. ಆರ್ಥೋ ಡಾಕ್ಟರ್ ಅಂದರೆ ಎಂಬಿಬಿಎಸ್ ಮುಗಿಸಿ ಮೂಳೆ, ಕೀಲುಗಳ ಬಗ್ಗೆ ಮುಂದೆ ಓದಿದವರು. ಅವರು ಆಪರೇಷನ್ ಮಾಡುತ್ತಾರೆ, ಔಷಧಿ ಬರೆಯುತ್ತಾರೆ. ನಮ್ಮ ದೇಶದ ಆಸ್ಟಿಯೋಪಾತ್ ಇವೆರಡನ್ನೂ ಮಾಡುವವರಲ್ಲ, ಅವರದ್ದು ಕೈಯಿಂದ ಮಾಡುವ ಚಿಕಿತ್ಸೆ.

ಆಸ್ಟಿಯೋಪಥಿ ಹುಟ್ಟಿದ್ದು ಅಮೆರಿಕದಲ್ಲಿ. ಆಂಡ್ರ್ಯೂ ಟೇಲರ್ ಸ್ಟಿಲ್ ಅನ್ನುವ ಡಾಕ್ಟರ್ 1864ರಲ್ಲಿ ಮೆನಿಂಜೈಟಿಸ್‌ನಿಂದ ತನ್ನ ಮೂರು ಮಕ್ಕಳನ್ನು ಕಳೆದುಕೊಂಡರು. ಆ ಕಾಲದ ಔಷಧಿಗಳ ಮೇಲೆ ಅವರಿಗೆ ನಂಬಿಕೆಯೇ ಹೋಯಿತು. ಮೂಳೆ, ಕೀಲು, ಸ್ನಾಯು ಸರಿಯಾಗಿ ಆಡುತ್ತಿದ್ದರೆ ದೇಹ ತನ್ನನ್ನು ತಾನೇ ಗುಣಪಡಿಸಿಕೊಳ್ಳುತ್ತದೆ ಅನ್ನುವ ವಿಚಾರವನ್ನು 1874ರಲ್ಲಿ ಮುಂದಿಟ್ಟರು. 1892ರಲ್ಲಿ ಮಿಸ್ಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಅದಕ್ಕೊಂದು ಕಾಲೇಜು ಕಟ್ಟಿದರು. ಅಮೆರಿಕದಲ್ಲಿ ಈಗ ಈ ಪದವಿ ಪಡೆದವರು ಪೂರ್ತಿ ಡಾಕ್ಟರ್‌ಗಳು, ಸರ್ಜರಿಯನ್ನೂ ಮಾಡುತ್ತಾರೆ. ಬ್ರಿಟನ್ನಿನಲ್ಲಿ ಅವರು ಕೈಚಿಕಿತ್ಸೆ ಮಾಡುವವರು ಮಾತ್ರ. ಅಲ್ಲಿ 1993ರಲ್ಲಿ ಇದಕ್ಕೆಂದೇ ಕಾಯ್ದೆ ಬಂತು, ರಿಜಿಸ್ಟರ್ ಆಗದವರು ಆಸ್ಟಿಯೋಪಾತ್ ಅಂತ ಬೋರ್ಡ್ ಹಾಕುವ ಹಾಗಿಲ್ಲ. ಅಮೆರಿಕದ ಯಾವುದೋ ವಿಡಿಯೋ ನೋಡಿ ಇಲ್ಲಿಯವರೂ ಅದೇ ಓದಿರುತ್ತಾರೆ ಅಂದುಕೊಳ್ಳಬೇಡಿ ಅನ್ನುವುದಕ್ಕೇ ಇಷ್ಟು ಹೇಳಿದೆ.

ಫಿಸಿಯೋಥೆರಪಿ ಬೆಳೆದ ದಾರಿ ಬೇರೆ. 1894ರಲ್ಲಿ ಲಂಡನ್ನಿನಲ್ಲಿ ನಾಲ್ಕು ಜನ ನರ್ಸ್‌ಗಳು ಸೇರಿ ಮಸಾಜ್ ಕಲಿತವರ ಒಂದು ಸಂಘ ಕಟ್ಟಿದರು, ಅಲ್ಲಿಂದ ಬ್ರಿಟನ್ನಿನಲ್ಲಿ ಇದು ವೃತ್ತಿಯಾಯಿತು. ಆಮೇಲೆ ಮೊದಲ ಮಹಾಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರು, ಪೋಲಿಯೋದಿಂದ ಕಾಲು ಸೋತ ಮಕ್ಕಳು. ಅವರನ್ನೆಲ್ಲ ಮತ್ತೆ ನಡೆಸಬೇಕಿತ್ತು. ಹಾಗಾಗಿ 'ಈ ಮನುಷ್ಯ ಮತ್ತೆ ತನ್ನ ಕೆಲಸ ತಾನು ಮಾಡುವುದು ಹೇಗೆ' ಅನ್ನುವ ಪ್ರಶ್ನೆ ಫಿಸಿಯೋಥೆರಪಿಗೆ ಅಂಟಿಕೊಂಡೇ ಬಂದಿದೆ. ನನಗೆ ಅದರ ಮೇಲೆ ಒಲವು ಇರುವುದು ಈ ಪ್ರಶ್ನೆಯಿಂದಲೇ.

ಒಬ್ಬರೇ ರೋಗಿ, ಎರಡು ಕೋಣೆ

ಒಬ್ಬ ರೈಟರ್, ಅಂದರೆ ತೋಟದ ಲೆಕ್ಕ, ಆಳುಗಳ ಕೆಲಸ ನೋಡಿಕೊಳ್ಳುವವರು ಅಂತ ಇಟ್ಟುಕೊಳ್ಳಿ. ಸುಂಟಿಕೊಪ್ಪದ ಕಡೆ ಒಂದು ತೋಟ, ವಯಸ್ಸು ನಲವತ್ತೈದರ ಹತ್ತಿರ. ಆಳು ಕಡಿಮೆ ಇದ್ದ ದಿನ ತಾನೇ ಚೀಲ ಎತ್ತಿ ಜೀಪಿಗೆ ಹಾಕಲು ಹೋಗಿ ಸೊಂಟ ಹಿಡಿದಿದೆ. ಕಾಲಿಗೆ ಎಳೆತ ಇಲ್ಲ, ಜೋಮು ಇಲ್ಲ, ಬಗ್ಗಿದರೆ ಮಾತ್ರ ಜೀವ ಹೋದ ಹಾಗಾಗುತ್ತದೆ.

ಆಸ್ಟಿಯೋಪಾತ್ ಅವರನ್ನು ಸಾಕಷ್ಟು ಹೊತ್ತು ಮಾತಾಡಿಸುತ್ತಾರೆ. ನಿದ್ದೆ ಹೇಗೆ, ಹೊಟ್ಟೆ ಸರಿ ಇದೆಯಾ, ಚಿಕ್ಕವರಿದ್ದಾಗ ಎಲ್ಲಾದರೂ ಬಿದ್ದಿದ್ದಿರಾ, ಹಳೆಯ ಆಪರೇಷನ್ ಏನಾದರೂ ಇದೆಯಾ. ನಿಲ್ಲಿಸಿ ಹಿಂದಿನಿಂದ ನೋಡುತ್ತಾರೆ, ಎರಡೂ ಕಡೆ ಸೊಂಟ ಒಂದೇ ಎತ್ತರದಲ್ಲಿದೆಯಾ ಅಂತ ಕೈ ಇಟ್ಟು ಪರೀಕ್ಷಿಸುತ್ತಾರೆ. ಆಮೇಲೆ ಮೇಜಿನ ಮೇಲೆ ಮಲಗಿಸಿ ಕೆಲಸ ಶುರು. ನೋವು ಸೊಂಟದಲ್ಲಿದ್ದರೂ ಕೈ ಪಕ್ಕೆಲುಬಿಗೆ, ತೊಡೆ ಸಂದಿಗೆ, ಕಾಲಿನ ಮಣಿಗಂಟಿಗೂ ಹೋಗುತ್ತದೆ, ಯಾಕೆಂದರೆ ಇಡೀ ಮೈ ಒಂದೇ ಅನ್ನುವುದು ಅವರ ಪಾಠ. ಬಿಗಿದ ಸ್ನಾಯುವನ್ನು ಒತ್ತಿ ಹಿಡಿಯುತ್ತಾರೆ. ಕೀಲನ್ನು ನಿಧಾನಕ್ಕೆ ಆಡಿಸುತ್ತಾರೆ. 'ನಾನು ಈ ಕಡೆ ತಳ್ಳುತ್ತೇನೆ, ನೀವು ಎದುರಿಗೆ ಒತ್ತಿ' ಅನ್ನುತ್ತಾರೆ. ಬೇಕಾದರೆ ಮಗ್ಗುಲಿಗೆ ಮಲಗಿಸಿ ಒಂದು ಚುರುಕಾದ ಒತ್ತು, ಟಕ್ ಅನ್ನುತ್ತದೆ. ಮೇಲೆದ್ದಾಗ ಮೈ ಹಗುರ. ಅದು ಸುಳ್ಳಲ್ಲ, ನಿಜವಾಗಿಯೂ ಹಗುರ ಅನ್ನಿಸುತ್ತದೆ.

ಒಳ್ಳೆಯ ಫಿಸಿಯೋ ಇದೇ ರೈಟರನ್ನು ಬೇರೆ ರೀತಿ ನೋಡುತ್ತಾರೆ. ಮುಂದಕ್ಕೆ ಬಗ್ಗಿ, ಹಿಂದಕ್ಕೆ ಬಾಗಿ, ಈಗ ಅದನ್ನೇ ಹತ್ತು ಸಲ ಮಾಡಿ, ನೋವು ಹೆಚ್ಚಾಯ್ತಾ ಕಡಿಮೆ ಆಯ್ತಾ. ಕಾಲನ್ನು ನೇರವಾಗಿ ಎತ್ತಿ ನೋಡುತ್ತಾರೆ, ಮೊಣಕಾಲಿಗೆ ಸುತ್ತಿಗೆ ತಟ್ಟಿ ನೋಡುತ್ತಾರೆ, ಹೆಬ್ಬೆರಳಿನ ಬಲ ನೋಡುತ್ತಾರೆ. ನರಕ್ಕೆ ಏಟಾಗಿಲ್ಲ ಅಂತ ಖಾತ್ರಿ ಮಾಡಿಕೊಳ್ಳುವುದು ಇದು. ಅವರೂ ಕೈಯಿಂದ ಕೀಲು ಆಡಿಸಬಹುದು, ಆ ಚುರುಕಾದ ಒತ್ತನ್ನೂ ಎಷ್ಟೋ ಫಿಸಿಯೋಗಳು ಕಲಿತಿರುತ್ತಾರೆ. ಆದರೆ ಅಲ್ಲಿಗೆ ನಿಲ್ಲಿಸುವುದಿಲ್ಲ. ಬೆನ್ನಿಗೆ ಒಂದು ಉದ್ದನೆಯ ಕೋಲು ಇಡುತ್ತಾರೆ, ಅದು ತಲೆಯ ಹಿಂಭಾಗ, ಬೆನ್ನಿನ ಮಧ್ಯ, ಬಾಲದ ಮೂಳೆ ಮೂರಕ್ಕೂ ತಾಗಿರಬೇಕು. ಹಾಗೇ ಇಟ್ಟುಕೊಂಡು ಮೊಣಕಾಲು ಸ್ವಲ್ಪ ಮಡಚಿ, ಕುಂಡೆ ಹಿಂದಕ್ಕೆ ತಳ್ಳಿ ಬಗ್ಗಿ ಅನ್ನುತ್ತಾರೆ. ಕೋಲು ಎಲ್ಲಿ ಬಿಟ್ಟುಕೊಂಡಿತೋ ಅಲ್ಲಿ ನಿಮ್ಮ ಬೆನ್ನು ಬಾಗಿತು ಅಂತ ಅರ್ಥ. ಇದು ಬಂದ ಮೇಲೆ ಕೈಗೆ ಹಗುರದ ಒಂದು ಚೀಲ. ಹೊಟ್ಟೆಗೆ ಅಂಟಿಸಿಕೊಂಡು ಎತ್ತಿ, ಇಳಿಸಿ. ಮುಂದಿನ ವಾರ ಸ್ವಲ್ಪ ಜಾಸ್ತಿ ಭಾರ. ಹಾಗೆ ಮೆಲ್ಲಗೆ ನಿಜವಾದ ಚೀಲದ ಹತ್ತಿರಕ್ಕೆ. ಬೆನ್ನು ಬಾಗುವುದೇ ಅಪಾಯ ಅಂತ ಹೆದರಿಸುವುದಕ್ಕಲ್ಲ ಈ ಕೋಲು. ನೋವಿರುವಾಗ ಭಾರವನ್ನು ಸೊಂಟದಿಂದ ತೊಡೆಗೆ ದಾಟಿಸುವುದು ಮೈಗೆ ತಿಳಿಯಲಿ ಅಂತ.

ಇಲ್ಲಿ ರೈಟರ್ ಎದ್ದಾಗ ಬಹುಶಃ ಅಷ್ಟೊಂದು ಹಗುರ ಅನ್ನಿಸುವುದಿಲ್ಲ. ಮೊದಲ ದಿನ ಸಿಟ್ಟೂ ಬರಬಹುದು, ನೋವಿದೆ ಅಂತ ಬಂದರೆ ಕಸರತ್ತು ಮಾಡಿಸುತ್ತಾರಲ್ಲ ಅಂತ. ಆದರೆ ತಿಂಗಳು ಕಳೆದು ಚೀಲ ಎತ್ತಬೇಕಾದವರು ಅವರೇ. ಆಸ್ಟಿಯೋಪಾತ್ ಆಗಲಿ ಫಿಸಿಯೋ ಆಗಲಿ ತೋಟಕ್ಕೆ ಬಂದು ಎತ್ತುವುದಿಲ್ಲ.

'ಟಕ್' ಅಂದದ್ದು ಏನು

ಜಾರಿದ ಮೂಳೆ ಜಾಗಕ್ಕೆ ಬಂತು ಅಂತ ಜನ ನಂಬುತ್ತಾರೆ, ಕೆಲವು ಚಿಕಿತ್ಸಕರೂ ಹಾಗೇ ಹೇಳುತ್ತಾರೆ. ಅದು ಹಾಗಲ್ಲ. ಕೀಲಿನೊಳಗಿನ ದ್ರವದಲ್ಲಿ ಒತ್ತಡ ದಿಢೀರನೆ ಇಳಿದು ಗಾಳಿಯ ಗುಳ್ಳೆ ಏಳುತ್ತದೆ, ಸದ್ದಿಗೂ ಆ ಗುಳ್ಳೆಗೂ ಸಂಬಂಧ. ಬೆರಳು ನಟಿಕೆ ಮುರಿದಾಗ ಆಗುವುದೂ ಅದೇ. ಸ್ವಲ್ಪ ಹೊತ್ತು ಸ್ನಾಯು ಸಡಿಲವಾಗುತ್ತದೆ, ನೋವಿನ ಅರಿವು ತಗ್ಗುತ್ತದೆ. ಬೆನ್ನುಮೂಳೆ ಸುಮ್ಸುಮ್ನೆ ಜಾರುವಂಥದ್ದಲ್ಲ, ಹಾಗೆ ಕೈಯಿಂದ ಒತ್ತಿದರೆ ಕೂರುವಂಥದ್ದೂ ಅಲ್ಲ. ನಿಜವಾಗಿ ಕೀಲು ತಪ್ಪಿದ್ದರೆ ಅದು ಆಸ್ಪತ್ರೆಯ ಕೆಲಸ. 'ನಿಮ್ಮ ಮೂಳೆ ಪದೇ ಪದೇ ಜಾರುತ್ತೆ, ತಿಂಗಳಿಗೊಮ್ಮೆ ಬಂದು ಕೂರಿಸಿಕೊಳ್ಳಿ' ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಕುತ್ತಿಗೆಯ ವಿಷಯದಲ್ಲಿ ಇನ್ನೂ ಜೋಪಾನ. ಕುತ್ತಿಗೆಯನ್ನು ರಭಸದಿಂದ ತಿರುಗಿಸಿದಾಗ ಮೆದುಳಿಗೆ ರಕ್ತ ಒಯ್ಯುವ ನಾಳ ಸೀಳಿ ಸ್ಟ್ರೋಕ್ ಆದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ತೀರಾ ಅಪರೂಪ, ಆದರೂ ಒಮ್ಮೆ ಆಗಿಬಿಟ್ಟರೆ ಮುಗಿಯಿತು. ಕುತ್ತಿಗೆ ನೋವಿಗೆ ರಭಸವಿಲ್ಲದ ಬೇರೆ ದಾರಿಗಳಿವೆ. ಬೇಡ ಅನ್ನುವ ಹಕ್ಕು ನಿಮಗಿದೆ, ಮೇಜಿನ ಮೇಲೆ ಮಲಗಿದ ಮೇಲೂ ಇದೆ.

ಅಧ್ಯಯನಗಳು ಹೇಳುವುದು

ಬ್ರಿಟನ್ನಿನಲ್ಲಿ 1,334 ಸೊಂಟ ನೋವಿನ ರೋಗಿಗಳ ಮೇಲೆ ನಡೆದ ಒಂದು ದೊಡ್ಡ ಪ್ರಯೋಗದ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಬೆನ್ನನ್ನು ಕೈಯಿಂದ ಆಡಿಸುವ ಚಿಕಿತ್ಸೆ ಕೊಟ್ಟವರಲ್ಲಿ ಆಸ್ಟಿಯೋಪಾತ್‌ಗಳೂ ಇದ್ದರು, ಬೆನ್ನುಮೂಳೆಯನ್ನು ಕೈಯಿಂದ ಒತ್ತುವ ಇನ್ನೊಂದು ಪದ್ಧತಿಯ ಕೈರೋಪ್ರಾಕ್ಟರ್‌ಗಳೂ ಇದ್ದರು, ಫಿಸಿಯೋಗಳೂ ಇದ್ದರು, ಎಲ್ಲರೂ ಒಪ್ಪಿಕೊಂಡ ಒಂದೇ ಚೌಕಟ್ಟಿನಲ್ಲಿ. ಡಾಕ್ಟರ್ ಕೊಡುವ ಮಾಮೂಲಿ ಆರೈಕೆಗಿಂತ ಸ್ವಲ್ಪ ಹೆಚ್ಚು ಗುಣ ಕಂಡಿತು. ಕೈಚಿಕಿತ್ಸೆಯ ಜೊತೆ ವ್ಯಾಯಾಮವೂ ಸೇರಿದಾಗ ಮೂರು ತಿಂಗಳ ಹೊತ್ತಿಗೆ ಇನ್ನೂ ಸ್ವಲ್ಪ. ಫ್ರಾನ್ಸಿನಲ್ಲಿ 400 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ನಿಜವಾದ ಆಸ್ಟಿಯೋಪಥಿಯನ್ನು ತೋರಿಕೆಯ ಚಿಕಿತ್ಸೆಯ ಜೊತೆ ಹೋಲಿಸಿದರು. ವ್ಯತ್ಯಾಸ ಇತ್ತು, ಆದರೆ ಚಿಕ್ಕದು, ರೋಗಿಯ ದಿನನಿತ್ಯಕ್ಕೆ ಅದರಿಂದ ಎಷ್ಟು ಲಾಭ ಅನ್ನುವುದೇ ಅನುಮಾನ.

ಬ್ರಿಟನ್ನಿನ ನೈಸ್ ಸಂಸ್ಥೆಯ 2016ರ ಮಾರ್ಗಸೂಚಿ ಇದನ್ನೇ ನೇರವಾಗಿ ಹೇಳುತ್ತದೆ: ಸೊಂಟ ನೋವಿಗೆ ಕೈಚಿಕಿತ್ಸೆ ಕೊಡಬಹುದು, ಆದರೆ ವ್ಯಾಯಾಮದ ಜೊತೆಗೆ ಮಾತ್ರ, ಅದೊಂದನ್ನೇ ಅಲ್ಲ. ಅಂದರೆ ಯಾರ ಕೈ ಅನ್ನುವುದಕ್ಕಿಂತ ಕೈಯ ನಂತರ ಏನು ಅನ್ನುವುದು ದೊಡ್ಡ ಪ್ರಶ್ನೆ.

ತಲೆಬುರುಡೆಯನ್ನು ಮೃದುವಾಗಿ ಹಿಡಿದು ಮಾಡುವ ಕ್ರೇನಿಯಲ್ ಆಸ್ಟಿಯೋಪಥಿ ಅಂತ ಒಂದಿದೆ. ಮೈಗ್ರೇನಿಗೆ, ಮಗು ರಾತ್ರಿ ಅಳುವುದಕ್ಕೆ, ನಿದ್ದೆಗೆ, ಎಲ್ಲದಕ್ಕೂ ಅಂತ ಹೇಳುತ್ತಾರೆ. ಗಟ್ಟಿ ಪುರಾವೆ ಇಲ್ಲ. ಎಳೆ ಮಗುವನ್ನು ಅದಕ್ಕೆ ಕರೆದುಕೊಂಡು ಹೋಗುವ ಬದಲು ಮಕ್ಕಳ ಡಾಕ್ಟರಿಗೆ ತೋರಿಸಿ.

ಫಿಸಿಯೋ ಅಂದ ಮಾತ್ರಕ್ಕೆ ಒಳ್ಳೆಯದಲ್ಲ

ಇಷ್ಟು ಹೇಳಿದ ಮೇಲೆ ಇದನ್ನೂ ಹೇಳಲೇಬೇಕು. ನಮ್ಮ ಕಡೆ ಫಿಸಿಯೋಥೆರಪಿ ಅಂದರೆ 'ಕರೆಂಟ್ ಕೊಡಿಸೋದು' ಅಂತಲೇ ಆಗಿಬಿಟ್ಟಿದೆ. ಹೋಗುತ್ತಾರೆ, ಬೆನ್ನಿಗೆ ಪ್ಯಾಡ್ ಅಂಟಿಸಿಕೊಂಡು ಹದಿನೈದು ನಿಮಿಷ ಜುಮ್ ಅನ್ನಿಸಿಕೊಳ್ಳುತ್ತಾರೆ, ಒಂದಷ್ಟು ಅಲ್ಟ್ರಾಸೌಂಡ್, ಸೊಂಟ ಎಳೆಯುವ ಟ್ರ್ಯಾಕ್ಷನ್, ಬೆಲ್ಟ್ ಕಟ್ಟಿಕೊಂಡು ವಾಪಸ್. ಹತ್ತು ದಿನದ ಪ್ಯಾಕೇಜ್. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ದೀರ್ಘಕಾಲದ ಸೊಂಟ ನೋವಿನ ಬಗ್ಗೆ ಹೊರಡಿಸಿದ ಮಾರ್ಗಸೂಚಿಯಲ್ಲಿ ಟ್ರ್ಯಾಕ್ಷನ್, ಅಲ್ಟ್ರಾಸೌಂಡ್, ಸೊಂಟದ ಬೆಲ್ಟ್ ಇವು ಬೇಡ ಅನ್ನುವ ಪಟ್ಟಿಯಲ್ಲಿವೆ. ವ್ಯಾಯಾಮ, ತಿಳಿವಳಿಕೆ, ಜೊತೆಗೆ ಬೆನ್ನನ್ನು ಕೈಯಿಂದ ಆಡಿಸುವುದು, ಮಸಾಜ್ ಇವು ಮಾಡಬಹುದು ಅನ್ನುವ ಕಡೆ ಇವೆ. ಗಮನಿಸಿ, ಆಸ್ಟಿಯೋಪಾತ್ ಮಾಡುವ ಕೈಕೆಲಸಕ್ಕೆ ಅಲ್ಲಿ ಜಾಗ ಇದೆ, ಕ್ಲಿನಿಕ್ಕಿನ ಮೂಲೆಯ ಆ ಯಂತ್ರಕ್ಕೆ ಇಲ್ಲ. ಹಾಗಾಗಿ ಬರೀ ಮಷಿನ್ ಹಚ್ಚುವ ಫಿಸಿಯೋಗಿಂತ, ಚೆನ್ನಾಗಿ ಪರೀಕ್ಷೆ ಮಾಡಿ ವ್ಯಾಯಾಮವನ್ನೂ ಹೇಳಿಕೊಡುವ ಆಸ್ಟಿಯೋಪಾತ್ ಎಷ್ಟೋ ಮೇಲು.

ಸ್ಕ್ಯಾನಿಂಗ್ ರಿಪೋರ್ಟ್ ನೋಡಿ ಕಂಗಾಲಾಗುವವರಿಗೂ ಒಂದು ಮಾತು. 'ಡಿಸ್ಕ್ ಬಲ್ಜ್', ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ ಉಬ್ಬಿದೆ ಅಂತ ಬರೆದಿದ್ದರೆ ಜೀವನ ಮುಗಿಯಿತು ಅಂತಲ್ಲ. ಯಾವ ನೋವೂ ಇಲ್ಲದವರ ಸ್ಕ್ಯಾನ್ ತೆಗೆದಾಗಲೂ ಇಪ್ಪತ್ತರ ವಯಸ್ಸಿನಲ್ಲಿ ಸುಮಾರು 30 ಪರ್ಸೆಂಟ್ ಜನರಲ್ಲಿ, ಎಂಬತ್ತರಲ್ಲಿ 84 ಪರ್ಸೆಂಟ್ ಜನರಲ್ಲಿ ಬಲ್ಜ್ ಕಂಡಿದೆ. ರಿಪೋರ್ಟನ್ನು ತೋರಿಸಿ ಹೆದರಿಸುವವರು ಯಾವ ಪದ್ಧತಿಯವರಾದರೂ ದೂರ ಇರಿ.

ಯಾವ ತೊಂದರೆಗೆ ಎಲ್ಲಿ

ಕೆಲವಕ್ಕೆ ಹೋಲಿಕೆಯೇ ಬೇಡ, ಫಿಸಿಯೋಥೆರಪಿಯೇ. ಸ್ಟ್ರೋಕ್ ಆಗಿ ಒಂದು ಕಡೆ ಬಲ ಹೋದವರು, ಮೊಣಕಾಲು ಬದಲಿಸಿಕೊಂಡವರು, ಲಿಗಮೆಂಟ್ ಆಪರೇಷನ್ ಆದವರು, ಮುರಿದ ಕೈಗೆ ಹಾಕಿದ ಪ್ಲಾಸ್ಟರ್ ಬಿಚ್ಚಿಸಿದವರು, ನಡಿಗೆ ತಡವಾದ ಮಕ್ಕಳು. ಇಲ್ಲಿ ಬೇಕಾದದ್ದು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹಂತ ಹಂತವಾಗಿ ಬಲ ತುಂಬುವ ಕೆಲಸ, ಮತ್ತು ಆಪರೇಷನ್ ಮಾಡಿದ ಡಾಕ್ಟರ್ ಜೊತೆ ಮಾತುಕತೆ.

ಮೆಣಸು ಕೊಯ್ಯುವವರ ಭುಜ ಹಿಡಿಯುವುದು ಬೇರೆ ಕಥೆ. ಸಕ್ಕರೆ ಕಾಯಿಲೆ ಇದ್ದವರಿಗೆ 'ಫ್ರೋಜನ್ ಶೋಲ್ಡರ್' ಜಾಸ್ತಿ. ಕೈ ಹಿಂದಕ್ಕೆ ಹೋಗುವುದಿಲ್ಲ, ರಾತ್ರಿ ಆ ಮಗ್ಗುಲಿಗೆ ಮಲಗಲಾಗುವುದಿಲ್ಲ. ಇದು ನಿಧಾನಕ್ಕೆ ಬಿಡುವಂಥದ್ದು, ಒಂದು ವರ್ಷ ದಾಟುವುದೂ ಉಂಟು. ಯಾರೇ ಎಳೆದರೂ ಒಂದೇ ದಿನಕ್ಕೆ ಬಿಡುವುದಿಲ್ಲ, ಜೋರಾಗಿ ಎಳೆದರೆ ಹೆಚ್ಚೇ ಆಗುತ್ತದೆ. ಶುಗರ್ ಪರೀಕ್ಷೆ ಮಾಡಿಸಿ, ಡಾಕ್ಟರ್ ಇಂಜೆಕ್ಷನ್ ಬೇಕಾ ನೋಡಲಿ, ಜೊತೆಗೆ ಫಿಸಿಯೋ.

ಅಜ್ಜಿಯಂದಿರ ಮೊಣಕಾಲು ಸವೆತಕ್ಕೆ ತೊಡೆಯ ಬಲ ಹೆಚ್ಚಿಸುವ ವ್ಯಾಯಾಮ, ತೂಕ ಇಳಿಸುವುದು, ಇವೆರಡು ಮುಖ್ಯ. 'ಸವೆದ ಕಾಲು, ಇನ್ನು ನಡೀಬೇಡಿ' ಅಂತ ಕೂರಿಸಿಬಿಟ್ಟರೆ ಕಾಲಿನ ಬಲ ಇನ್ನೂ ಹೋಗುತ್ತದೆ. ಮಳೆಗಾಲದ ಕೊಡಗಿನಲ್ಲಿ ಹೊರಗೆ ನಡೆಯಲು ಎಲ್ಲಿ ಆಗುತ್ತದೆ ಅನ್ನಬಹುದು. ಕುರ್ಚಿಯಿಂದ ಎದ್ದು ಕೂರುವುದನ್ನೇ ದಿನಕ್ಕೆ ಹಲವು ಸಲ ಮಾಡಿಸಿ, ಆಸರೆಗೆ ಪಕ್ಕದಲ್ಲಿ ಮೇಜಿರಲಿ.

1997ರಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ವರ್ಷವಿಡೀ ಆಫೀಸಿನಲ್ಲಿ ಕೂತವರೂ ಸ್ಟಿಕ್ ಹಿಡಿದು ಇಳಿಯುತ್ತಾರೆ. ನೋಡಲು ಸಂತೋಷ, ಆದರೆ ತೊಡೆಯ ಹಿಂಭಾಗ ಮತ್ತು ಪಾದದ ಗಂಟು ತಡೆಯಬೇಕಲ್ಲ. ಪಾದ ಉಳುಕಿದಾಗ ನಾಲ್ಕು ಹೆಜ್ಜೆ ಭಾರ ಊರಿ ನಡೆಯಲಾಗದಿದ್ದರೆ, ಅಥವಾ ಗಂಟಿನ ಮೂಳೆಯನ್ನೇ ಒತ್ತಿದಾಗ ನೋವಿದ್ದರೆ ಮೊದಲು ಎಕ್ಸ್‌ರೇ. ಮೂಳೆ ಸರಿಯಿದ್ದರೆ ಒಂಟಿ ಕಾಲಿನ ಮೇಲೆ ನಿಲ್ಲುವ ಬ್ಯಾಲೆನ್ಸ್ ವ್ಯಾಯಾಮ ಬಿಡಬೇಡಿ, ಮತ್ತೆ ಮತ್ತೆ ಉಳುಕುವುದನ್ನು ಅದು ತಡೆಯುತ್ತದೆ. ಉಳುಕು ತೆಗೆಸಲು ತಿರುಚಿಸಿಕೊಳ್ಳುವುದು ಖಂಡಿತ ಬೇಡ.

ಇನ್ನು ಉಳಿದದ್ದು ಮಾಮೂಲಿ ಸೊಂಟ, ಕುತ್ತಿಗೆ, ಬೆನ್ನಿನ ಬಿಗಿತ, ಕೂತು ಕೂತು ಬರುವ ತಲೆನೋವು. ಇಲ್ಲಿ ಮಾತ್ರ ನಿಜವಾದ ಆಯ್ಕೆ ಇದೆ. ಆಸ್ಟಿಯೋಪಥಿ ಇಷ್ಟವಾದರೆ ಮೂರ್ನಾಲ್ಕು ಸಲ ನೋಡಿ. ಅಷ್ಟರಲ್ಲಿ ಕೆಲಸ ಮಾಡುವ ಶಕ್ತಿ ಹೆಚ್ಚಿಲ್ಲದಿದ್ದರೆ ಮುಂದುವರಿಸಬೇಡಿ. ಮಲಗಿ ಎದ್ದಾಗಿನ ಹಗುರ ಲೆಕ್ಕಕ್ಕಿಲ್ಲ, ಮಾರನೇ ದಿನ ತೋಟದಲ್ಲಿ ಎಷ್ಟು ಹೊತ್ತು ನಿಂತಿರಿ ಅನ್ನುವುದು ಲೆಕ್ಕ.

ಇಬ್ಬರ ಹತ್ತಿರವೂ ಹೋಗಬಾರದ ಹೊತ್ತು

ಸೊಂಟ ನೋವಿನ ಜೊತೆ ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದೆ ಹೋದರೆ, ತೊಡೆ ಸಂದಿಯ ಸುತ್ತ ಮರಗಟ್ಟಿದರೆ, ಎರಡೂ ಕಾಲು ಸೋಲುತ್ತಾ ಬಂದರೆ ಆ ದಿನವೇ ದೊಡ್ಡ ಆಸ್ಪತ್ರೆಗೆ. ರಾತ್ರಿಯಾದರೂ ಸರಿ, ಬೆಳಗಿನವರೆಗೆ ಕಾಯಬೇಡಿ. ಬೆನ್ನು ನೋವಿನ ಜೊತೆ ಸಂಜೆ ಜ್ವರ, ತೂಕ ಇಳಿಯುವುದು ಇದ್ದರೆ ಡಾಕ್ಟರಿಗೆ ತೋರಿಸಿ, ಬೆನ್ನುಮೂಳೆಯ ಟಿಬಿ ನಮ್ಮ ದೇಶದಲ್ಲಿ ಇನ್ನೂ ಇದೆ. ಕ್ಯಾನ್ಸರ್ ಬಂದು ಹೋದವರು, ಏಣಿಯಿಂದ ಬಿದ್ದವರು, ಮೂಳೆ ಟೊಳ್ಳಾದ ವಯಸ್ಸಾದವರು, ಬಹಳ ಕಾಲ ಸ್ಟಿರಾಯ್ಡ್ ನುಂಗಿದವರು ಪರೀಕ್ಷೆ ಆಗದೆ ಯಾರಿಗೂ ಬೆನ್ನು ಒತ್ತಲು ಕೊಡಬೇಡಿ.

ಆಯ್ಕೆ ಮಾಡುವಾಗ

ಫಿಸಿಯೋ ಆದರೆ ಬಿಪಿಟಿ, ಅಂದರೆ ಫಿಸಿಯೋಥೆರಪಿಯ ಪದವಿ ಓದಿರಬೇಕು. ನಮ್ಮಲ್ಲಿ ಈಗ ಕೆಲಸ ಮಾಡುತ್ತಿರುವ ಹೆಚ್ಚಿನವರು ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆ ವರ್ಷ ಓದಿದವರು, ಎಂಪಿಟಿ ಅಂದರೆ ಮೇಲೆ ಇನ್ನೆರಡು ವರ್ಷ. ಆರೋಗ್ಯ ವೃತ್ತಿಗಳಿಗೆ 2021ರಲ್ಲಿ ಬಂದ ಕೇಂದ್ರದ ಕಾಯ್ದೆಯಲ್ಲಿ ಫಿಸಿಯೋಥೆರಪಿ ಸೇರಿದೆ. ಆಸ್ಟಿಯೋಪಥಿಗೆ ನಮ್ಮಲ್ಲಿ ಬ್ರಿಟನ್ನಿನ ಹಾಗೆ ಪ್ರತ್ಯೇಕ ಕಾಯ್ದೆ, ಕೌನ್ಸಿಲ್ ಇಲ್ಲ. ಒಡಿಶಾದ ಶ್ರೀ ಶ್ರೀ ಯೂನಿವರ್ಸಿಟಿಯಂಥ ಕಡೆ ಪದವಿಯಾಗಿ ಕಲಿತವರೂ ಇದ್ದಾರೆ, ಫಿಸಿಯೋಥೆರಪಿ ಮುಗಿಸಿ ಆಮೇಲೆ ಇದನ್ನು ಕಲಿತವರೂ ಇದ್ದಾರೆ, ಕೆಲವೇ ದಿನದ ಕೋರ್ಸ್ ಮಾಡಿ ಬೋರ್ಡ್ ಹಾಕಿದವರೂ ಇದ್ದಾರೆ. ಯಾವುದು ಅಂತ ಬೋರ್ಡ್ ನೋಡಿದರೆ ಗೊತ್ತಾಗುವುದಿಲ್ಲ. ಎಲ್ಲಿ, ಎಷ್ಟು ವರ್ಷ ಓದಿದಿರಿ ಅಂತ ಕೇಳಿ. ಒಳ್ಳೆಯವರು ಬೇಜಾರು ಮಾಡಿಕೊಳ್ಳುವುದಿಲ್ಲ.

ದೂರವನ್ನೂ ಲೆಕ್ಕಕ್ಕೆ ಹಿಡಿಯಿರಿ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ನಾಪೋಕ್ಲು, ಭಾಗಮಂಡಲದ ಕಡೆಯವರಿಗೆ ಇನ್ನೂ ಜಾಸ್ತಿ. ಹಿಡಿದ ಸೊಂಟವನ್ನು ಇಟ್ಟುಕೊಂಡು ತಿರುವುಗಳಲ್ಲಿ ಮೂರು ಗಂಟೆ ಕೂತು ಹೋಗಿ, ಅರ್ಧ ಗಂಟೆ ಮೇಜಿನ ಮೇಲೆ ಮಲಗಿ, ಮತ್ತೆ ಮೂರು ಗಂಟೆ ಕೂತು ಬಂದರೆ ಸಿಕ್ಕಿದ ಹಗುರ ದಾರಿಯಲ್ಲೇ ಕಳೆಯುತ್ತದೆ. ಮಡಿಕೇರಿಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ, ಮೊದಲು ಅಲ್ಲಿ ವಿಚಾರಿಸಿ. ದೂರ ಹೋಗಲೇಬೇಕಾದರೆ ಒಂದೇ ಸಲಕ್ಕೆ ಪೂರ್ತಿ ಪರೀಕ್ಷೆ ಮಾಡಿಸಿಕೊಂಡು, ವ್ಯಾಯಾಮ ಕಲಿತು, ನಂತರದ್ದನ್ನು ಫೋನಿನಲ್ಲಿ ವಿಡಿಯೋ ಕಾಲ್ ಮೂಲಕ ನೋಡುತ್ತೀರಾ ಅಂತ ಕೇಳಿ. ಫಿಸಿಯೋಗಳಲ್ಲಿ ಇದಕ್ಕೆ ಒಪ್ಪುವವರಿದ್ದಾರೆ. ಕೈಯನ್ನೇ ನಂಬಿದ ಚಿಕಿತ್ಸೆಗೆ ಫೋನಿನಲ್ಲಿ ಮಾಡಲು ಅಷ್ಟಾಗಿ ಏನೂ ಉಳಿಯುವುದಿಲ್ಲ, ಘಟ್ಟದಲ್ಲಿ ಬದುಕುವ ನಮಗೆ ಇದು ಸಣ್ಣ ವಿಷಯವಲ್ಲ.

ಹೋಗುವ ಮೊದಲು ಮನೆಯವರ ಹತ್ತಿರ ಒಂದು ಸಣ್ಣ ವಿಡಿಯೋ ಮಾಡಿಸಿಕೊಳ್ಳಿ, ಅರ್ಧ ನಿಮಿಷ ಸಾಕು. ನೀವು ಚೀಲ ಎತ್ತುವುದು, ಏಣಿ ಹತ್ತುವುದು, ಕಳೆ ಕೊಚ್ಚುವ ಮಷಿನ್ ಹೆಗಲಿಗೆ ಹಾಕಿಕೊಳ್ಳುವುದು, ಯಾವುದರಲ್ಲಿ ನೋವು ಬರುತ್ತದೋ ಅದು. ನೋವು ಜಾಸ್ತಿ ಇದ್ದರೆ ಭಾರ ಇಲ್ಲದೆ ಸುಮ್ನೆ ಮಾಡಿ ತೋರಿಸಿದರೂ ಸಾಕು. ಪೇಟೆಯ ಚಿಕಿತ್ಸಕರಿಗೆ ಕಾಫಿ ತೋಟದ ಇಳಿಜಾರು ಬಾಯಲ್ಲಿ ಹೇಳಿದರೆ ತಿಳಿಯುವುದಿಲ್ಲ. ಆ ವಿಡಿಯೋ ತೋರಿಸಿ, 'ನಾನು ಮತ್ತೆ ಇದನ್ನು ಮಾಡಬೇಕು, ಅದಕ್ಕೆ ಎಷ್ಟು ವಾರ ಬೇಕು, ನಾನೇನು ಮಾಡಬೇಕು' ಅಂತ ಕೇಳಿ. ವಿಡಿಯೋವನ್ನು ಎರಡನೇ ಸಲ ಹಾಕಿ ನೋಡಿ, ಎದ್ದು ನಿಂತು ಹೀಗೆ ಮಾಡಿ ಅಂತ ತೋರಿಸಲು ಶುರು ಮಾಡುವವರು ಯಾವ ಪದ್ಧತಿಯವರೇ ಆಗಿರಲಿ, ಅವರ ಹತ್ತಿರವೇ ಚಿಕಿತ್ಸೆ ಮಾಡಿಸಿ.